ಓಎಸ್ ನಿಂತರೂ ಫೋನ್ ನಡೆಯುತ್ತಿದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತಂದೆಯವರ ಲೂಮಿಯಾ 640 ಎರಡು ವರ್ಷ ಬೀರುವಿನಲ್ಲಿತ್ತು. ಓಎಸ್, ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶ, ವಿಂಡೋಸ್ 8.1. ಚಾರ್ಜಿಗೆ ಹಾಕಿದರೆ ಆನ್ ಆಗುತ್ತದೆ, ಆದರೆ ಯಾವ ವೆಬ್‌ಸೈಟ್ ತೆರೆದರೂ ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತದೆ. ರೀಸೆಟ್ ಮಾಡಿದರೆ ಸರಿಹೋಗುತ್ತೆ ಅಂತಾರೆ ಅಂಗಡಿಯವರು. ಮಾಡಿಸಲೇ? ಒಳಗೆ ಅವರ ಫೋಟೊ, ನಂಬರುಗಳೆಲ್ಲ ಇವೆ.
– ಸರಸ್ವತಿಪುರಂ, ಮೈಸೂರು

ಉತ್ತರ: ಸದ್ಯಕ್ಕೆ ಖಂಡಿತ ಬೇಡ. ರೀಸೆಟ್ ಮಾಡಿದರೆ ಫೋನಿನ ಮೆಮೊರಿಯಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆ್ಯಪ್‌ಗಳೂ ಮರಳಿ ಬರುವುದಿಲ್ಲ. 8.1ರ ಆ್ಯಪ್ ಸ್ಟೋರ್ 2019ರ ಡಿಸೆಂಬರ್ 16ಕ್ಕೇ ಮುಚ್ಚಿತು.

ಮೊದಲು ದಿನಾಂಕ ನೋಡಿ. ಬ್ಯಾಟರಿ ಪೂರ್ತಿ ಸತ್ತು ಎದ್ದ ಫೋನು ಎಷ್ಟೋ ಸಲ ಹಳೇ ದಿನಾಂಕ ತೋರಿಸುತ್ತದೆ. ಸರ್ಟಿಫಿಕೇಟ್ ಅಂದರೆ ಸೈಟು ಅಸಲಿ ಎಂದು ಹೇಳುವ, ಅವಧಿಯುಳ್ಳ ಡಿಜಿಟಲ್ ಗುರುತುಚೀಟಿ. ದಿನಾಂಕ ತಪ್ಪಿದ್ದರೆ ಒಳ್ಳೆಯ ಸರ್ಟಿಫಿಕೇಟ್ ಕೂಡ ಫೋನಿನ ಕಣ್ಣಿಗೆ ಸುಳ್ಳು. ದಿನಾಂಕ ತಿದ್ದಿದ ಮೇಲೂ ಕೆಲವು ಸೈಟ್ ತೆರೆಯದಿದ್ದರೆ ಕಾರಣ ಬೇರೆ. ಯಾವ ಸಂಸ್ಥೆಯ ಸರ್ಟಿಫಿಕೇಟನ್ನು ನಂಬಬೇಕು ಎಂಬ ಪಟ್ಟಿ ಫೋನಿನೊಳಗೇ ಇರುತ್ತದೆ. ಲಕ್ಷಾಂತರ ಸೈಟುಗಳು ಆಧರಿಸಿದ್ದ ಒಂದು ಹಳೇ ಮೂಲ ಸರ್ಟಿಫಿಕೇಟಿನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಪ್‌ಡೇಟ್ ನಿಂತ ಫೋನುಗಳ ಪಟ್ಟಿಗೆ ಹೊಸದು ಸೇರಲೇ ಇಲ್ಲ. ರೀಸೆಟ್ ಮಾಡಿದರೆ ಅದೇ ಹಳೇ ಪಟ್ಟಿ ಮತ್ತೆ ಬಂದು ಕೂರುತ್ತದೆ, ಅಷ್ಟೇ.

ಫೋಟೊ ತೆಗೆಯುವುದು ಸುಲಭ. ಮೈಕ್ರೊ ಯುಎಸ್‌ಬಿ ಡಾಟಾ ಕೇಬಲ್ ಬೇಕು. ಬರೀ ಚಾರ್ಜ್ ಆಗುವ ಅಗ್ಗದ ಕೇಬಲ್ ಹಾಕಿದರೆ ಕಂಪ್ಯೂಟರಿಗೆ ಫೋನ್ ಕಾಣುವುದೇ ಇಲ್ಲ. ಪಿನ್ ಒತ್ತಿ ಫೋನಿನ ಲಾಕ್ ತೆಗೆದ ಮೇಲೆ ಕೇಬಲ್ ಚುಚ್ಚಿ, ಇಲ್ಲವಾದರೆ ಫೋಲ್ಡರು ಖಾಲಿ ತೋರಿಸಿ ನಿಮ್ಮ ಎದೆ ಧಸಕ್ಕೆನ್ನಿಸುತ್ತದೆ. ಪಿಕ್ಚರ್ಸ್ ಒಳಗಿನ ಕ್ಯಾಮೆರಾ ರೋಲ್‌ನಿಂದ ಒಂದು ಸಲಕ್ಕೆ 200 ಫೋಟೊದಂತೆ ಕಾಪಿ ಮಾಡಿ. ಕಟ್ ಮಾಡಬೇಡಿ, ನಡುವೆ ಸಂಪರ್ಕ ತಪ್ಪಿದರೆ ಆ ಫೋಟೊ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಮೆಮೊರಿ ಕಾರ್ಡಿನಲ್ಲಿರುವ ಫೋಟೊಗಳಿಗೆ ಕಾರ್ಡ್ ರೀಡರ್ ಸಾಕು.

ನಂಬರುಗಳು ಬಹುತೇಕ ಅವರ ಮೈಕ್ರೊಸಾಫ್ಟ್ ಖಾತೆಯಲ್ಲೇ ಇರುತ್ತವೆ. ಕಂಪ್ಯೂಟರಿನಲ್ಲಿ ಔಟ್‌ಲುಕ್‌ಗೆ ಲಾಗಿನ್ ಆಗಿ, ಪೀಪಲ್ ವಿಭಾಗದಲ್ಲಿ ಎಕ್ಸ್‌ಪೋರ್ಟ್ ಕೊಟ್ಟರೆ ಸಿಎಸ್‌ವಿ ಎಂಬ ಸಾದಾ ಪಟ್ಟಿಯ ಫೈಲ್ ಸಿಗುತ್ತದೆ. ಅದನ್ನು ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಇಂಪೋರ್ಟ್ ಮಾಡಿ. ಮಧ್ಯೆ ಆ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುವ ಚಪಲ ಮಾತ್ರ ಬೇಡ. ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಬಹುದು, 91ರಿಂದ ಶುರುವಾಗುವ ನಂಬರು 9.19ಇ+11 ಆಗಿ ಕುಗ್ಗಿ ಕೊನೆಯ ಅಂಕಿಗಳು ಮಾಯವಾಗಬಹುದು. ನೋಡಲೇಬೇಕೆಂದರೆ ನೋಟ್‌ಪ್ಯಾಡಿನಲ್ಲಿ ನೋಡಿ. ಖಾತೆಯಲ್ಲಿಲ್ಲದೆ ಫೋನಿನಲ್ಲಷ್ಟೇ ಉಳಿದ ನಂಬರುಗಳನ್ನು ಒಂದೊಂದಾಗಿ ಬ್ಲೂಟೂತ್‌ನಲ್ಲಿ ಕಳಿಸಬೇಕು. ಬೇಜಾರಿನ ಕೆಲಸ, ಆದರೆ ಆಗುವಂಥದ್ದು.

ಪ್ರಶ್ನೆ: ಇದೇ ಮಾದರಿಯ ಫೋನು ನನ್ನ ಹತ್ತಿರವೂ ಇದೆ. ಹಿಂದಿನ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ.
– ಶ್ರೀರಂಗಪಟ್ಟಣ

ಉತ್ತರ: ಬ್ಯಾಟರಿ ಉಬ್ಬಿರಬೇಕು. ಚಾರ್ಜಿನಿಂದ ತೆಗೆದು, ಸ್ವಿಚ್ ಆಫ್ ಮಾಡಿ, ಬ್ಯಾಟರಿ ಹೊರತೆಗೆದು ಮೇಜಿನ ಮೇಲಿಟ್ಟು ಬೆರಳಲ್ಲಿ ತಿರುಗಿಸಿ. ಬುಗುರಿಯಂತೆ ಸುತ್ತಿದರೆ ಉಬ್ಬಿದೆ ಎಂದೇ ಅರ್ಥ. ಒತ್ತಬೇಡಿ, ಚುಚ್ಚಬೇಡಿ, ಮನೆಯ ಕಸದ ಜೊತೆ ಕೊಡಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಬದಲಿಗೆ ಬೇಕಾದದ್ದು ಬಿವಿ-ಟಿ5ಸಿ, 2500 ಎಂಎಎಚ್. ಲಿಥಿಯಂ ಬ್ಯಾಟರಿ ಡಬ್ಬಿಯೊಳಗಿದ್ದರೂ ಮುಪ್ಪಾಗುತ್ತದೆ, ಆದ್ದರಿಂದ ಕೊಳ್ಳುವ ಮುಂಚೆ ತಯಾರಾದ ವರ್ಷ ಓದಿ. ಮತ್ತೆ ಬೀರುವಿಗೆ ಸೇರಿಸುವುದಾದರೆ ಅರ್ಧ ಚಾರ್ಜಿನಲ್ಲಿ ಆಫ್ ಮಾಡಿಡಿ.

ಪ್ರಶ್ನೆ: ಅಮ್ಮನ ಜಿಯೊಫೋನಿನಲ್ಲಿ ವಾಟ್ಸ್ಆ್ಯಪ್ ಹೋಯ್ತು. ಇನ್ನು ಫೋನೂ ಹೋಗುತ್ತಾ?
– ಪಾಂಡವಪುರ

ಉತ್ತರ: ಹೋಗುವುದಿಲ್ಲ. ಕರೆ ಮಾಡುವುದು 4ಜಿ ನೆಟ್‌ವರ್ಕಿನ ಕೆಲಸ, ವಾಟ್ಸ್ಆ್ಯಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಆ ಫೋನಿನ ಕೈಓಎಸ್‌ಗೆ ವಾಟ್ಸ್ಆ್ಯಪ್ ಹೊಸದಾಗಿ ಇಳಿಸಿಕೊಳ್ಳುವುದು 2024ರ ಜೂನ್ 25ಕ್ಕೆ ನಿಂತಿತು, ಮೊದಲೇ ಇದ್ದವರಿಗೂ 2025ರ ಆರಂಭದವರೆಗೆ ಮಾತ್ರ ಗಡುವಿತ್ತು. ಹಳೇ ಚಾಟ್‌ಗಳನ್ನು ಆಂಡ್ರಾಯ್ಡಿಗೆ ಸಾಗಿಸಲಾಗದು. ಫೋಟೊಗಳನ್ನು ಕಾರ್ಡಿನಿಂದ ಉಳಿಸಿಕೊಳ್ಳಿ.

ನಂಬರುಗಳನ್ನು ಸಿಮ್‌ಗೆ ಹಾಕುವುದು ನಮ್ಮ ಜನರ ಅಭ್ಯಾಸ. ಇಲ್ಲಿ ಅದು ಕೈಕೊಡುತ್ತದೆ. ಸಿಮ್‌ನಲ್ಲಿ ಹೆಸರಿಗಿರುವ ಜಾಗ ಚಿಕ್ಕದು, ಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ರಾಮಕೃಷ್ಣ’ ನಮಗೆ ನಾಲ್ಕಕ್ಷರ, ಫೋನಿಗೆ ಎಂಟು. ಉದ್ದದ ಹೆಸರು ಅರ್ಧಕ್ಕೇ ತುಂಡಾಗುತ್ತದೆ. ಕಾಂಟ್ಯಾಕ್ಟ್ಸ್ ತೆರೆದು ಆಪ್ಷನ್ಸ್, ಸೆಟ್ಟಿಂಗ್ಸ್, ಎಕ್ಸ್‌ಪೋರ್ಟ್‌ಗೆ ಹೋಗಿ ಮೆಮೊರಿ ಕಾರ್ಡ್ ಆರಿಸಿ. ವಿಸಿಎಫ್ ಎಂಬ ಕಾಂಟ್ಯಾಕ್ಟ್ ಫೈಲಾಗಿ ಹೆಸರು ಪೂರ್ತಿ ಬರುತ್ತದೆ, ಯಾವ ಆಂಡ್ರಾಯ್ಡ್ ಫೋನಾದರೂ ಅದನ್ನು ಓದುತ್ತದೆ.

ಪ್ರಶ್ನೆ: ನಿಂತುಹೋದ ಓಎಸ್ ಎಂದಾದರೂ ವಾಪಸ್ ಬರುತ್ತದೆಯೇ?
– ಮಳವಳ್ಳಿ

ಉತ್ತರ: ಬರುತ್ತದೆ, ಬೇರೆ ಮನೆಗೆ. ಮೊಜಿಲ್ಲಾ 2015ರಲ್ಲಿ ಫೋನುಗಳ ಮಟ್ಟಿಗೆ ಕೈಬಿಟ್ಟ ಫೈರ್‌ಫಾಕ್ಸ್ ಓಎಸ್‌ನ ಕೋಡೇ ಕೈಓಎಸ್ ಆಗಿ ಪಾಂಡವಪುರದ ಅಮ್ಮನ ಕೈಗೆ ಬಂದದ್ದು. ಎಚ್‌ಪಿ 2011ರಲ್ಲಿ ನಿಲ್ಲಿಸಿದ ವೆಬ್‌ಓಎಸ್ ಈಗ ಎಲ್‌ಜಿ ಟಿವಿಗಳಲ್ಲಿದೆ. ಈ ಎರಡರ ಕೋಡೂ ಬಹಿರಂಗವಾಗಿತ್ತು ಅನ್ನುವುದು ಗಮನಿಸಬೇಕಾದ ಮಾತು. ಲೂಮಿಯಾದ 8.1ರ ನಂತರ ಬಂದ ವಿಂಡೋಸ್ 10 ಮೊಬೈಲ್‌ನ ಕೋಡ್ ಮೈಕ್ರೊಸಾಫ್ಟ್ ಕೈಯಲ್ಲೇ ಇದೆ, ಕೊನೆಯ ಅಪ್‌ಡೇಟ್ ಬಂದದ್ದು 2020ರ ಜನವರಿ 14ಕ್ಕೆ. ಅದರ ಮೇಲೆ ನಾವು ಆಸೆ ಇಟ್ಟುಕೊಂಡಿಲ್ಲ. ಕೈಯಲ್ಲಿರುವ ಹ್ಯಾಂಡ್‌ಸೆಟ್ಟಿಗಂತೂ ಏನೂ ಬರುವುದಿಲ್ಲ. ಫೋನ್ ಆನ್ ಆಗುವಾಗ ಓಎಸ್ಸನ್ನು ಎಬ್ಬಿಸುವ ಬೂಟ್‌ಲೋಡರ್ ಲಾಕ್ ಆಗಿದೆ, ಚಿಪ್ಪನ್ನು ಓಎಸ್ ಜೊತೆ ಮಾತಾಡಿಸುವ ಡ್ರೈವರುಗಳು ಹೊರಗೆ ಸಿಗುವುದಿಲ್ಲ. ಹಾಡು, ಅಲಾರಂ, ಕಾರ್ಡಿನಲ್ಲಿರುವ ಸಿನಿಮಾಕ್ಕೆ ಇಂಟರ್ನೆಟ್ ಬೇಡ, ಅದಕ್ಕೆ ಬಳಸಿ. ಬ್ಯಾಂಕಿನ ಓಟಿಪಿ ಬರುವ ಸಿಮ್ಮನ್ನು ಮಾತ್ರ ಅದರಲ್ಲಿಡಬೇಡಿ.