ಕಾಡ್ಗಿಚ್ಚು ಕಾಯುವ ಗೋಪುರಕ್ಕೆ 30 ಮೀಟರ್ ಎತ್ತರ ಸಾಕಾ?

ಕಾಲೇಜು ಪ್ರಾಜೆಕ್ಟ್‌ಗೆ ಗೋಪುರದ ವಿನ್ಯಾಸ ಮಾಡ್ತಿದ್ದೀರಿ, ಮೊದಲ ಪ್ರಶ್ನೆಯೇ ಎತ್ತರದ್ದು. ನಿಮ್ಮ ಪ್ರಶ್ನೆ ಓದಿದ ಕೂಡಲೇ ಹಳೆಯದೆಲ್ಲ ನೆನಪಾಯಿತು. ನಾನೂ ಮೊದಲು ನೋಡಿದ್ದು ಕಂಬ, ಮೆಟ್ಟಿಲುಗಳನ್ನೇ. ಕೆಟ್ಟಿದ್ದೂ ಅದರಿಂದಲೇ.

ಅಮೆರಿಕದ ವಾಯವ್ಯ ಭಾಗದಲ್ಲಿ ಓದುತ್ತಿದ್ದಾಗ ಒಂದು ಬೇಸಿಗೆ ಹಳೇ ಗೋಪುರವೊಂದರಲ್ಲಿ ಸ್ವಯಂಸೇವಕನಾಗಿದ್ದೆ. ದುರಸ್ತಿ ಮಾಡುವುದು, ಆಮೇಲೆ ಅಲ್ಲೇ ಇದ್ದು ಹೊಗೆ ಕಾಯುವುದು. 1910ರ ಆಗಸ್ಟ್‌ನಲ್ಲಿ ಇಡಾಹೊ, ಮೊಂಟಾನಾ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟು, 80ಕ್ಕೂ ಹೆಚ್ಚು ಜನ ಸತ್ತಿದ್ದರು. ಹೊಗೆ ಎಳೆಯಷ್ಟಿರುವಾಗಲೇ ಕಾಣಬೇಕು ಅಂತ ಆಮೇಲೆ ಬೆಟ್ಟದ ತುದಿಗಳಲ್ಲಿ ಗೋಪುರಗಳು ಹೆಚ್ಚಾದವು. ನಮ್ಮದು 1930ರ ದಶಕದ್ದು. 14 ಅಡಿ ಉದ್ದ, 14 ಅಡಿ ಅಗಲದ ಮರದ ಕೋಣೆ, ನಾಲ್ಕೂ ಕಡೆ ಕಿಟಕಿ. ಮಂಚ, ಮೇಜು ಯಾವುದೂ ಕಿಟಕಿಯ ಕೆಳಗಿನ ಅಂಚು ದಾಟುವಂತಿಲ್ಲ. ಗುಡುಗು ಶುರುವಾದರೆ ಹತ್ತಿ ನಿಲ್ಲಲು, ಕಾಲಿಗೆ ಗಾಜು ಹಾಕಿದ ಒಂದು ಸ್ಟೂಲು.

ನಟ್ಟನಡುವೆ ಆಸ್ಬರ್ನ್ ಫೈರ್ ಫೈಂಡರ್, ಅಂದರೆ ಹೊಗೆ ಯಾವ ದಿಕ್ಕಿಗಿದೆ ಅಂತ ಅಳೆಯುವ ಸಾಧನ. ಒಂದು ಗುಂಡಗಿನ ನಕ್ಷೆ, ಅದರ ಮಧ್ಯದ ಚುಕ್ಕೆಯೇ ನೀವು ನಿಂತ ಗೋಪುರ. ಸುತ್ತ ಡಿಗ್ರಿ ಕೊರೆದ ಬಳೆ. ಹಿಂದಿನ ಸೀಳಿನಿಂದ ನೋಡಿ, ಮುಂದೆ ಎಳೆದು ಕಟ್ಟಿದ ಕುದುರೆ ಕೂದಲು ಹೊಗೆಯ ಬುಡಕ್ಕೆ ಬರುವಂತೆ ತಿರುಗಿಸಿ, ಡಿಗ್ರಿ ಓದಿ ರೇಡಿಯೋದಲ್ಲಿ ಹೇಳಬೇಕು. ಇನ್ನೊಂದು ಗೋಪುರದವರೂ ತಮ್ಮ ಡಿಗ್ರಿ ಹೇಳುತ್ತಾರೆ. ಎರಡು ಗೆರೆ ಸೇರಿದ ಜಾಗದಲ್ಲಿ ಬೆಂಕಿ.

ಮೂರು ವಾರ ಮೆಟ್ಟಿಲು, ಕಟಾಂಜನ, ಬಣ್ಣ ಅಂತ ಕಳೆದೆ. ಫೈಂಡರನ್ನು ಕೊನೆಯ ದಿನ ಸಂಜೆ ಅವಸರದಲ್ಲಿ ವಾಪಸ್ ಕೂರಿಸಿದೆ. ಸೊನ್ನೆ ಡಿಗ್ರಿ ಉತ್ತರಕ್ಕಿರಬೇಕು ತಾನೆ? ಜೇಬಿನ ದಿಕ್ಸೂಚಿ ತೆಗೆದೆ, ಮುಳ್ಳು ತೋರಿಸಿದ ಕಡೆಗೆ ಸೊನ್ನೆ ತಿರುಗಿಸಿ ಸ್ಕ್ರೂ ಬಿಗಿದೆ. ಇಷ್ಟೇ ನಾನು ಮಾಡಿದ್ದು.

ಮುಳ್ಳು ತೋರಿಸುವುದು ಭೂಮಿಯ ಕಾಂತದ ಉತ್ತರ. ನಕ್ಷೆ ಬರೆದಿರುವುದು ನಿಜವಾದ ಉತ್ತರಕ್ಕೆ. ಎರಡೂ ಒಂದೇ ಅಲ್ಲ. ಆ ಸೀಮೆಯಲ್ಲಿ ಮುಳ್ಳು ಸುಮಾರು 15 ಡಿಗ್ರಿ ಪೂರ್ವಕ್ಕೆ ವಾಲುತ್ತದೆ. ಅಂದರೆ ನಾನು ಓದುವ ಪ್ರತಿಯೊಂದು ಕೋನವೂ 15 ಡಿಗ್ರಿ ಕಡಿಮೆ. ಒಂದೇ ಒಂದು ಡಿಗ್ರಿ ತಪ್ಪಿದರೂ 10 ಕಿ.ಮೀ. ದೂರದಲ್ಲಿ ಜಾಗ 175 ಮೀಟರ್ ಸರಿಯುತ್ತದೆ. ಆಮೇಲೊಂದು ದಿನ ನನಗೆ ಕಂಡ ಹೊಗೆ ಇದ್ದದ್ದು 8 ಕಿ.ಮೀ. ದೂರ, ಸರಿದದ್ದು 2 ಕಿ.ಮೀ.ಗೂ ಜಾಸ್ತಿ, ಎಡಕ್ಕೆ. ಎಡಕ್ಕೂ ಅದೇ ಥರದ ಒಂದು ಕಣಿವೆ ಇತ್ತು, ಹಾಗಾಗಿ ನಕ್ಷೆ ನೋಡಿದಾಗ ನನಗೆ ಅನುಮಾನವೇ ಬರಲಿಲ್ಲ. ಪಕ್ಕದ ಗೋಪುರಕ್ಕೆ ಅವತ್ತು ಮಬ್ಬು ಕವಿದಿತ್ತು, ಎರಡನೇ ಗೆರೆ ಸಿಗಲಿಲ್ಲ. ಬೆಂಕಿ ಆರಿಸುವವರು ಆ ಖಾಲಿ ಕಣಿವೆಯಲ್ಲಿ ಮೂರು ಗಂಟೆ ಹುಡುಕಿದರು. ಸಿಡಿಲು ಬಡಿದ ಒಂದೇ ಮರದಲ್ಲಿದ್ದ ಬೆಂಕಿ ಅಷ್ಟರಲ್ಲಿ ಇಡೀ ಇಳಿಜಾರಿಗೆ ಹಬ್ಬಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ರಾತ್ರಿಯೆಲ್ಲ ಆ ಕೆಂಪನ್ನು ಕಿಟಕಿಯಿಂದ ನೋಡುತ್ತಾ ಕೂತಿದ್ದೆ.

ಬೆಳಗ್ಗೆ, ನಕ್ಷೆಯಲ್ಲಿ ಹೆಸರಿರುವ ಒಂದು ಶಿಖರಕ್ಕೆ ಗುರಿ ಹಿಡಿದೆ. ಐದೇ ನಿಮಿಷದಲ್ಲಿ ತಪ್ಪು ಗೊತ್ತಾಯಿತು. ಕೂರಿಸುವಾಗಲೇ ಮಾಡಬೇಕಾಗಿದ್ದ ಕೆಲಸ ಅದು. ಗೊತ್ತಿರುವ ಶಿಖರಕ್ಕೆ ನಕ್ಷೆಯಲ್ಲಿ ಎಷ್ಟು ಡಿಗ್ರಿ ಬರುತ್ತದೋ ಅಷ್ಟಕ್ಕೇ ಬಳೆ ಹೊಂದಿಸಬೇಕು. ಉಕ್ಕಿನ ಗೋಪುರವಾದರೆ ದಿಕ್ಸೂಚಿ ಮುಟ್ಟಲೇಬೇಡಿ, ಕಬ್ಬಿಣ ಮುಳ್ಳನ್ನು ಇನ್ನಷ್ಟು ಎಳೆಯುತ್ತದೆ.

ಹಾಗಾಗಿ 30 ಮೀಟರ್ ಸಾಕಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬೋಳು ಶಿಖರದಲ್ಲಿ ಕೋಣೆಯನ್ನು ಸೀದಾ ಬಂಡೆಯ ಮೇಲೇ ಕಟ್ಟಿದ್ದಾರೆ, ಕಾಲುಗಳೇ ಇಲ್ಲ. ಸಮತಟ್ಟು ನೆಲದ ಕಾಡಿಗೆ ಎತ್ತರ ಬೇಕೇ ಬೇಕು. ಅಂಥಲ್ಲಿಗೆ ಗಾಳಿಯಂತ್ರ ಮಾಡುತ್ತಿದ್ದ ಏರ್‌ಮೋಟರ್ ಕಂಪನಿ ಅದೇ ಥರದ ಉಕ್ಕಿನ ಗೋಪುರ ಮಾಡಿಕೊಟ್ಟಿತು. ಪಶ್ಚಿಮ ಆಸ್ಟ್ರೇಲಿಯಾದ ಪೆಂಬರ್ಟನ್ ಹತ್ತಿರ 1947ರಲ್ಲಿ ಸುಮಾರು 60 ಮೀಟರ್‌ನ ಕ್ಯಾರಿ ಮರಕ್ಕೇ ಗೂಟ ಬಡಿದು, ತುದಿಯಲ್ಲಿ ಕೋಣೆ ಕಟ್ಟಿದರು. ಎತ್ತರವನ್ನು ಜಾಗವೇ ಹೇಳುತ್ತದೆ.

ನೀವು ಮೊದಲು ಕೋಣೆಯ ಮಧ್ಯ ಬಿಡಿಸಿ. ಫೈಂಡರ್ ಕೂರುವ ಪೀಠ, ಅದು ಆಚೀಚೆ ಜಾರಲು ಹಳಿ. ಹಳಿ ಇಲ್ಲದಿದ್ದರೆ ಮೂಲೆಯ ಕಂಬ ಒಂದು ದಿಕ್ಕನ್ನು ಯಾವಾಗಲೂ ಮುಚ್ಚಿರುತ್ತದೆ. ಆಮೇಲೆ ಸುತ್ತಲಿನ ಮೂರು ಶಿಖರಗಳ ಡಿಗ್ರಿಯನ್ನು ಕಿಟಕಿಯ ಚೌಕಟ್ಟಿನ ಮೇಲೇ ಬರೆಯಿರಿ, ಕಾಯುವವನು ದಿನಾ ಬೆಳಗ್ಗೆ ತಾಳೆ ನೋಡುವ ಹಾಗೆ. ಕಾಲುಗಳ ಲೆಕ್ಕ ಇವೆಲ್ಲ ಆದಮೇಲೆ.