ಮಷೀನು ನಿಲ್ಲೋದೇ ಇಲ್ಲ, ಆದರೂ ಮಾಲು ತಡ ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಲೀನ್ ಬಗ್ಗೆ. ಲೀನ್ ಅಂದರೆ ಬೊಜ್ಜಿಲ್ಲದ್ದು, ಕಾರ್ಖಾನೆಯಲ್ಲಿ ವ್ಯರ್ಥವಾಗುವುದನ್ನು ತೆಗೆದು ಮಾಲನ್ನು ಬೇಗ ದಾಟಿಸುವ ಪದ್ಧತಿ. ಈ ಹೆಸರನ್ನು ಇಟ್ಟವರು ಟೊಯೊಟಾದವರಲ್ಲ. ಅವರ ಪದ್ಧತಿ ನೋಡಿ 1988ರಲ್ಲಿ ಜಾನ್ ಕ್ರಾಫ್ಸಿಕ್ ಎಂಬ ಅಮೆರಿಕದ ಸಂಶೋಧಕ ಬಳಸಿದ ಮಾತು ಅದು. ಹೆಸರಿಗೆ ಇಷ್ಟು ಸಾಕು, ಪತ್ರಗಳಿಗೆ ಬರೋಣ.

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದು ಪೈಪಿಗೆ ಹಾಕುವ ಗೇಟ್ ವಾಲ್ವ್ ಮಾಡುವ ಸಣ್ಣ ಘಟಕ. 20 ಜನ, ಎಂಟು ತಾಸಿನ ಒಂದೇ ಪಾಳಿ. ದಿನಕ್ಕೆ ಸುಮಾರು 30 ವಾಲ್ವ್ ಹೊರಗೆ ಹೋಗುತ್ತವೆ. ಎರಕದ ಮಾಲು ಇದ್ದ ದಿನ ಲೇತ್‌ಗಳು 45 ಬಾಡಿ (ವಾಲ್ವಿನ ಹೊರಕವಚ) ತೆಗೆಯುತ್ತವೆ. ಸೀಟ್ ಲ್ಯಾಪಿಂಗ್‌ಗೆ, ಅಂದರೆ ವಾಲ್ವ್ ಮುಚ್ಚಿಕೊಳ್ಳುವ ಜಾಗವನ್ನು ಪೇಸ್ಟ್ ಹಚ್ಚಿ ಉಜ್ಜಿ ನಯ ಮಾಡಲು, ಇಬ್ಬರಿದ್ದಾರೆ. ಯಾರೂ ಸುಮ್ನೆ ಕೂರುವುದಿಲ್ಲ. ಆದರೂ 15 ದಿನ ಅಂತ ಮಾತು ಕೊಟ್ಟ ಆರ್ಡರ್ ಹೊರಡಲು ತಿಂಗಳಾಗುತ್ತದೆ. ಒಳಗೆ ಅರ್ಧಮರ್ಧ ಆದ ಬಾಡಿಗಳೇ 900 ಇವೆ, ಒಂದಕ್ಕೆ ಸರಾಸರಿ 2,000 ರೂಪಾಯಿ. ಇನ್ನೊಂದು ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯುವ ಮಷೀನು) ತಗೊಳ್ಳಿ ಅಂತ ಒಬ್ಬರು ಹೇಳುತ್ತಾರೆ. ಲೀನ್ ಮಾಡೋಣ ಅಂತಾನೆ ಮಗ. ಯಾರ ಮಾತು ಕೇಳಲಿ?

ಉತ್ತರ: ಉತ್ತರ ನಿಮ್ಮ ಪತ್ರದಲ್ಲೇ ಇದೆ ಯಜಮಾನರೇ. ಒಳಗೆ 900 ಇವೆ, ದಿನಕ್ಕೆ 30 ಹೊರಡುತ್ತವೆ. 900ನ್ನು 30ರಿಂದ ಭಾಗಿಸಿ. 30 ದಿನ! ಇವತ್ತು ಒಳಗೆ ಬಂದ ಎರಕ ತನ್ನ ಮುಂದಿರುವ 900ರ ಹಿಂದೆ ಪಾಳಿ ಹಚ್ಚುತ್ತದೆ. ಅದು ಹೊರಗೆ ಬರಲು ತಿಂಗಳು ಬೇಕೇ ಬೇಕು. ಇದು ಲಿಟಲ್ ಅವರ ನಿಯಮ. 1961ರಲ್ಲಿ ಜಾನ್ ಲಿಟಲ್ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು. ಜನ ಎಷ್ಟೇ ಬೆವರು ಸುರಿಸಲಿ, ಈ ಲೆಕ್ಕ ಬದಲಾಗುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. 20 ಜನ ಎಂಟು ತಾಸು ದುಡಿದರೆ 160 ತಾಸು. ಅದರಲ್ಲಿ 30 ವಾಲ್ವ್. ಅಂದರೆ ಒಂದು ವಾಲ್ವ್‌ಗೆ ಮನುಷ್ಯನ ಕೈ ಸೋಕುವುದು ಹೆಚ್ಚೆಂದರೆ ಐದೂ ಚಿಲ್ಲರೆ ತಾಸು. ಅದು ನಿಮ್ಮ ಶೆಡ್ಡಿನಲ್ಲಿ ಇರುವುದು ಮಾತ್ರ 30 ದಿನ, ಅಂದರೆ 240 ದುಡಿಮೆಯ ತಾಸು. ಉಳಿದ ಹೊತ್ತೆಲ್ಲ ಅದು ನೆಲದ ಮೇಲೆ ಮಲಗಿರುತ್ತದೆ. ಜನ ಬಿಡುವಿಲ್ಲದೆ ಇದ್ದಾರೆ, ಮಾಲಿಗೆ ಮಾತ್ರ ಬರೀ ಬಿಡುವು. ನಾವು ಮಾಲೀಕರೂ ಮೇಲ್ವಿಚಾರಕರೂ ನೋಡುವುದು ಜನರನ್ನು. ಲೀನ್ ನೋಡು ಅನ್ನುವುದು ಮಾಲನ್ನು.

ಹಾಗಾಗಿ ಸಿಎನ್‌ಸಿ ಈಗ ಬೇಡ. ಲೇತ್ ಈಗಲೇ 45 ಕೊಡುತ್ತದೆ, ಹೊರಡುವುದು 30. ಹೊಸ ಮಷೀನು 60 ಕೊಟ್ಟರೆ ಲ್ಯಾಪಿಂಗ್ ಮುಂದಿನ ರಾಶಿ ಇನ್ನಷ್ಟು ಬೆಳೆಯುತ್ತದೆ. ಅದರ ಮೇಲೆ ಬ್ಯಾಂಕಿನ ಕಂತು ಬೇರೆ. ನೀವು ಬರೆದದ್ದನ್ನು ನೋಡಿದರೆ ಬಿಕ್ಕಟ್ಟು ಇರುವುದು ಲ್ಯಾಪಿಂಗ್‌ನಲ್ಲೇ. ನಾಳೆ ಬೆಳಗ್ಗೆ ಹೋಗಿ ನೋಡಿ, ಯಾವ ಕೆಲಸದ ಮುಂದೆ ರಾಶಿ ದೊಡ್ಡದಿದೆ ಅಂತ. ಅದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ.

ಇಬ್ಬರು ಸೇರಿ 30 ಅಂದರೆ ಒಬ್ಬರಿಗೆ ದಿನಕ್ಕೆ 15, ಒಂದಕ್ಕೆ 32 ನಿಮಿಷ. ಒಂದು ದಿನ ಪೂರ್ತಿ ಅವರ ಪಕ್ಕ ನಿಲ್ಲಿ. ಗಡಿಯಾರ ಹಿಡಿದು ಬೈಯಲು ಅಲ್ಲ, ಅವರಿಗೆ ಏನು ಅಡ್ಡ ಬರುತ್ತಿದೆ ಅಂತ ತಿಳಿಯಲು. ಬಾಡಿಯನ್ನು ಹುಡುಕಿ ತರುವುದು, ಅದರೊಳಗಿನ ಲೋಹದ ಚೂರು ಒರೆಸುವುದು, ಪೇಸ್ಟ್ ಡಬ್ಬಿಗೆ ಸ್ಟೋರಿಗೆ ಹೋಗುವುದು, ಇವೆಲ್ಲ ಆ 32 ನಿಮಿಷದೊಳಗೇ ಇರುತ್ತವೆ. ಒಬ್ಬ ಹೆಲ್ಪರ್‌ಗೆ ಇದನ್ನು ಒಪ್ಪಿಸಿ. ಆಮೇಲೆ ಲೇತ್ ಕಡೆ ತಿರುಗಿ. ಸವೆದ ಟೂಲಿನಲ್ಲಿ ಸೀಟ್ ತಿರುವಿದರೆ ಮೇಲ್ಮೈ ಒರಟಾಗುತ್ತದೆ. ಆ ಒರಟುತನವನ್ನು ಕೈಯಿಂದ ಉಜ್ಜಿ ತೆಗೆಯುವವರು ಲ್ಯಾಪಿಂಗ್‌ನವರು. ಲೇತ್‌ನವರು ಟೂಲ್ ಬದಲಿಸಲು ಎರಡು ನಿಮಿಷ ಉಳಿಸಿದರೆ ಇಲ್ಲಿ ಹತ್ತು ನಿಮಿಷ ಹೋಗುತ್ತದೆ. 32 ನಿಮಿಷ 24ಕ್ಕೆ ಇಳಿದರೂ ಸಾಕು, ದಿನಕ್ಕೆ 40 ವಾಲ್ವ್ ಹೊರಡುತ್ತವೆ. ನೀರಿನ ಒತ್ತಡ ಕೊಟ್ಟು ವಾಲ್ವ್ ಪರೀಕ್ಷಿಸುವ ಹೈಡ್ರೋ ಟೆಸ್ಟ್ ಬೆಂಚು 40 ತಾಳುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ. ಬಿಕ್ಕಟ್ಟು ಅಲ್ಲಿಗೆ ಹಾರಿ ಕೂರುವುದು ಹೊಸದಲ್ಲ.

ಇನ್ನು ಕಷ್ಟದ ಮಾತು. ಲೇತ್ ಮತ್ತು ಲ್ಯಾಪಿಂಗ್ ನಡುವೆ ಎರಡು ದಿನದ ಮಾಲು ಹಿಡಿಸುವ ರ‍್ಯಾಕ್ ಇಡಿ. 70 ಅಂದುಕೊಳ್ಳಿ. ರ‍್ಯಾಕ್ ತುಂಬಿದರೆ ಲೇತ್ ನಿಲ್ಲಬೇಕು. ನಿಂತ ಮಷೀನು ನೋಡಿದರೆ ಮಾಲೀಕರಿಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ಗೊತ್ತು. ಆದರೆ ಬೇಡದ ಬಾಡಿ ತಿರುವಿ ರಾಶಿ ಹಾಕುವುದು ಉತ್ಪಾದನೆ ಅಲ್ಲ. ಟೊಯೊಟಾದ ತೈಇಚಿ ಓನೊ ಏಳು ಬಗೆಯ ದಂಡವನ್ನು, ಅಂದರೆ ವ್ಯರ್ಥವನ್ನು, ಗುರುತಿಸಿದರು. ಬೇಕಾದ್ದಕ್ಕಿಂತ ಜಾಸ್ತಿ, ಬೇಕಾದ್ದಕ್ಕಿಂತ ಮೊದಲೇ ಮಾಡಿಡುವುದನ್ನು ಅವರು ಎಲ್ಲಕ್ಕಿಂತ ಕೆಟ್ಟದ್ದು ಅಂದರು. ಉಳಿದವೆಲ್ಲ ಅದರ ನೆರಳಲ್ಲಿ ಅಡಗುತ್ತವೆ ಅಂತ.

ನಿಮ್ಮಲ್ಲಿ ಏನು ಅಡಗಿರಬಹುದು? ಎರಕದ ಗಾಳಿಗುಳ್ಳೆ. ಫೌಂಡ್ರಿಯಿಂದ ಬಂದ ಒಂದು ಲಾಟಿನಲ್ಲಿ ತೂತು ಇದ್ದರೆ ಅದು ಗೊತ್ತಾಗುವುದು ನೀರಿನ ಒತ್ತಡ ಕೊಟ್ಟಾಗ. ಅಷ್ಟರಲ್ಲಿ ತಿಂಗಳಾಗಿರುತ್ತದೆ. ಆ ಲಾಟಿನ ನೂರು ಬಾಡಿಗಳಿಗೂ ಲೇತ್ ಕೂಲಿ, ಡ್ರಿಲ್ ಕೂಲಿ ಸುರಿದಾಗಿರುತ್ತದೆ. ಫೌಂಡ್ರಿಯ ಬಿಲ್ಲೂ ಕೊಟ್ಟಾಗಿರುತ್ತದೆ. ಮಾಲು ಏಳೆಂಟು ದಿನದಲ್ಲಿ ದಾಟಿದರೆ ಹತ್ತು ಇಪ್ಪತ್ತಕ್ಕೇ ಸಿಕ್ಕಿಬೀಳುತ್ತದೆ. ಬಡ್ಡಿ ಲೆಕ್ಕ ನೀವೇ ಮಾಡಿರುತ್ತೀರಿ. 900 ಬಾಡಿ ಅಂದರೆ 18 ಲಕ್ಷ. ವರ್ಷಕ್ಕೆ ನೂರಕ್ಕೆ 12ರಂತೆ ತಿಂಗಳಿಗೆ 18 ಸಾವಿರ. ನನ್ನ ಅನುಭವದಲ್ಲಿ ಬಡ್ಡಿಗಿಂತ ಈ ಗುಳ್ಳೆಯ ನಷ್ಟವೇ ದೊಡ್ಡದು.

"ಒಂದೊಂದು ಸೈಜಿಗೆ ಸೆಟ್ಟಿಂಗ್ ಬದಲಿಸಲು ಎರಡು ತಾಸು ಬೇಕು, ಅದಕ್ಕೇ ಒಮ್ಮೆಗೆ ನೂರು ತೆಗೆಯುತ್ತೇವೆ" ಅಂತ ನಿಮ್ಮ ಲೇತ್‌ನವರು ಹೇಳಬಹುದು. ಅದು ನ್ಯಾಯವೇ. ಹಾಗಾದರೆ ಕಡಿಮೆ ಮಾಡಬೇಕಾದ್ದು ಆ ಎರಡು ತಾಸನ್ನು. 1969ರ ಸುಮಾರಿಗೆ ಟೊಯೊಟಾದಲ್ಲಿ 1,000 ಟನ್ ಪ್ರೆಸ್ಸಿನ ಅಚ್ಚು ಬದಲಿಸಲು ನಾಲ್ಕು ತಾಸು ಹಿಡಿಯುತ್ತಿತ್ತು. ಸಲಹೆಗಾರ ಶಿಗೆಯೊ ಶಿಂಗೊ ಮತ್ತು ಅಲ್ಲಿನ ಜನ ಅದನ್ನು ಮೊದಲು ಒಂದೂವರೆ ತಾಸಿಗೆ, ಕೊನೆಗೆ ಮೂರು ನಿಮಿಷಕ್ಕೆ ಇಳಿಸಿದರು. ಮಂತ್ರ ಏನಿಲ್ಲ. ಮಷೀನು ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಓಡುವಾಗಲೇ ಮಾಡಿಟ್ಟುಕೊಳ್ಳಬಹುದಾದ್ದು ಯಾವುದು ಅಂತ ಬೇರೆ ಮಾಡಿದರು. ಮೊಬೈಲಿನಲ್ಲಿ ಒಂದು ಸೆಟ್ಟಿಂಗ್ ಪೂರ್ತಿ ವಿಡಿಯೊ ಮಾಡಿ, ಚಹಾ ಕುಡಿಯುತ್ತ ಎಲ್ಲರೂ ಕೂಡಿ ನೋಡಿ. ಪಾನಾ ಹುಡುಕುವುದು, ಗೇಜ್ ತರಲು ಹೋಗುವುದು, ಬಾಡಿ ಹಿಡಿಯುವ ಜಾ ಇನ್ನೊಬ್ಬರ ಹತ್ತಿರ ಇರುವುದು... ನೀವೇ ನಗುತ್ತೀರಿ. ಬೇಕಾದ್ದೆಲ್ಲ ಒಂದು ಟ್ರಾಲಿಯಲ್ಲಿ ಮೊದಲೇ ಬಂದು ನಿಲ್ಲಲಿ, ಬೋಲ್ಟ್‌ಗಳೆಲ್ಲ ಒಂದೇ ಪಾನಾಕ್ಕೆ ಹೊಂದಲಿ. ಸೆಟ್ಟಿಂಗ್ ಅರ್ಧ ತಾಸಿಗೆ ಬಂದರೆ ನೂರರ ಲಾಟು 25ಕ್ಕೆ ಇಳಿಸಬಹುದು.

ಮಗ ಹೇಳಿದ್ದು ಸರಿ. ಆದರೆ ಅವರು ಮಾಲು ಇಡುವ ಜಾಗ ಗುರುತಿಸಲು ನೆಲಕ್ಕೆ ಹಳದಿ ಗೆರೆ ಬಳಿಸುವುದರಿಂದ ಶುರು ಮಾಡಿದರೆ ತಡೆಯಿರಿ. ಒಂದು ಘಟಕದಲ್ಲಿ ನಾನೇ ಆ ತಪ್ಪು ಮಾಡಿದ್ದೆ. ಗೆರೆ ಚಂದ ಬಂತು, ಫೋಟೊ ಚಂದ ಬಂತು. ರಾಶಿ ಮಾತ್ರ ಗೆರೆಯೊಳಗೆ ನೀಟಾಗಿ ಕೂತಿತ್ತು, ಅಷ್ಟೇ.

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮವು ಎಂಟು ವಿದ್ಯುತ್ ಮಗ್ಗ. ಬಟ್ಟೆ ಮಡಿಸುವಾಗ ನೋಡಿದರೆ ಎಳೆ ಹರಿದ ಗೆರೆ ಗಜಗಟ್ಟಲೆ ಹೋಗಿರುತ್ತದೆ. ಕಾರು ಮಾಡುವವರ ಪದ್ಧತಿ ನೇಕಾರಿಕೆಗೆ ಒಗ್ಗುತ್ತದೆಯೇ?

ಉತ್ತರ: ಅದು ಮಗ್ಗದಿಂದಲೇ ಕಾರಿಗೆ ಹೋದದ್ದು! ಟೊಯೊಟಾ ಮನೆತನದ ಹಿರಿಯ ಸಕಿಚಿ ಟೊಯೊಡಾ ಮಗ್ಗ ಮಾಡುವವರು. 1924ರಲ್ಲಿ ಅವರು ಸಿದ್ಧಪಡಿಸಿದ ಮಗ್ಗ ಓಡುತ್ತಿರುವಾಗಲೇ ಲಾಳಿ ಬದಲಿಸಿಕೊಳ್ಳುತ್ತಿತ್ತು. ಎಳೆ ಹರಿದರೆ ತಾನೇ ನಿಲ್ಲುತ್ತಿತ್ತು. ಹಾಗಾಗಿ ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದಾಯಿತು. ಅದರ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕೊಂಡಿತು. ಮಗ ಕೀಚಿರೊ ಮೋಟಾರು ಗಾಡಿಯ ಕೆಲಸಕ್ಕೆ ಇಳಿದದ್ದು ಆಮೇಲೆ.

ನಿಮ್ಮ ಮಗ್ಗಗಳಲ್ಲಿ ಹೊಕ್ಕಿನ ಎಳೆ ಹರಿದರೆ ನಿಲ್ಲುವ ವ್ಯವಸ್ಥೆ ಇರಬೇಕು. ಹಾಸಿನ ಎಳೆಗೆ ಇದ್ದಂತೆ ಕಾಣುವುದಿಲ್ಲ. ಪ್ರತಿ ಎಳೆಯ ಮೇಲೂ ತೆಳುವಾದ ಲೋಹದ ಪಟ್ಟಿ ನೇತುಹಾಕುತ್ತಾರೆ. ಎಳೆ ಹರಿದರೆ ಪಟ್ಟಿ ಕೆಳಗೆ ಬಿದ್ದು ಮಗ್ಗ ನಿಲ್ಲುತ್ತದೆ. ಹಳೆಯ ಮಗ್ಗಕ್ಕೂ ಇದನ್ನು ಕೂಡಿಸಬಹುದು. ಮೊದಲು ಎರಡು ಮಗ್ಗಕ್ಕೆ ಹಾಕಿ ನೋಡಿ. ಮತ್ತೆ ಮತ್ತೆ ನಿಲ್ಲುತ್ತದೆ ಅಂತ ಬೇಸರಪಟ್ಟು ಪಟ್ಟಿ ಬಿಚ್ಚಿಡಬೇಡಿ. ಹಾಸು ಸುತ್ತಿದ ಯಾವ ಬೀಮಿನಲ್ಲಿ, ಯಾವ ನೂಲಿನಲ್ಲಿ ಜಾಸ್ತಿ ನಿಂತಿತು ಅಂತ ಮಗ್ಗದ ಮೇಲೇ ಸೀಮೆಸುಣ್ಣದಲ್ಲಿ ಗೀಟು ಹಾಕಿಸಿ. ಎರಡು ವಾರದಲ್ಲಿ ನೂಲಿನ ವ್ಯಾಪಾರಿ ಜೊತೆ ಮಾತಾಡಲು ನಿಮ್ಮ ಕೈಯಲ್ಲಿ ಲೆಕ್ಕ ಇರುತ್ತದೆ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪುಡಿ ಮಾಡುತ್ತೇವೆ. ಸ್ಟಾಕ್ ಇಡುವುದೇ ದಂಡ ಅಂತೀರಿ. ಬೆಳೆ ಬರುವುದು ವರ್ಷಕ್ಕೊಮ್ಮೆ. ಸ್ಟಾಕ್ ಇಡದೆ ಏನು ಮಾಡೋಣ?

ಉತ್ತರ: ಇಡಲೇಬೇಕು. ಫಸಲು ಟೊಯೊಟಾದ ಮಾತು ಕೇಳುವುದಿಲ್ಲ. ಸುಗ್ಗಿಯಲ್ಲಿ ಕೊಂಡು ಶೀತಲ ಗೃಹದಲ್ಲಿ ಇಡುವುದು ನಿಮ್ಮ ವ್ಯಾಪಾರದ ಬುನಾದಿ, ಅದನ್ನು ಮುಟ್ಟಬೇಡಿ. ಕೇಳಬೇಕಾದ್ದು, ಯಾವ ರೂಪದಲ್ಲಿ ಇಡುತ್ತೀರಿ ಅಂತ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಇಡೀ ಕಾಯಿಗಿಂತ ಪುಡಿಯ ಬಣ್ಣ ಬೇಗ ಮಾಸುತ್ತದೆ. ಹಾಗಾಗಿ ಕಾಯಿಯನ್ನು ಕಾಯಿಯಾಗಿಯೇ ಇಡಿ. ಆರ್ಡರ್ ಬಂದಂತೆ ಬೀಸಿ, ಅದೇ ವಾರ ಪ್ಯಾಕ್ ಮಾಡಿ ಕಳಿಸಿ. ಗಿರಣಿ ಖಾಲಿ ಇದೆ ಅಂತ ತಿಂಗಳ ಪುಡಿ ಬೀಸಿಟ್ಟರೆ ಅದು ದಂಡ. ಮೊದಲು ಬಂದ ಚೀಲ ಮೊದಲು ಹೋಗುವಂತೆ ಜೋಡಿಸಿ. ಗೋಡೆಗೆ ಹತ್ತಿದ ಚೀಲಕ್ಕೆ ಎರಡು ವರ್ಷ ಆಗಿರುವುದನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಿಂದ ದೊಡ್ಡ ಕಾರ್ಖಾನೆಯೊಂದಕ್ಕೆ ಬಿಡಿಭಾಗ ಕೊಡುತ್ತೇವೆ. ಅವರು ಲೀನ್ ಅಂತ ತಮ್ಮ ಸ್ಟಾಕ್ ಇಳಿಸಿದರು. ಈಗ ಆ ಸ್ಟಾಕ್ ನಮ್ಮ ಗೋಡೌನಿನಲ್ಲಿದೆ. ಇದು ಲೀನಾ?

ಉತ್ತರ: ಅಲ್ಲ. ಬೊಜ್ಜು ಕರಗಲಿಲ್ಲ, ನಿಮ್ಮ ಹೊಟ್ಟೆಗೆ ಬಂತು. ನಿಜವಾದ ಪದ್ಧತಿಯಲ್ಲಿ ಕೊಳ್ಳುವವರು ತಮ್ಮ ಬೇಡಿಕೆಯನ್ನು ದಿನದಿನಕ್ಕೆ ಸಮನಾಗಿ ಹಂಚಿಕೊಡಬೇಕು. ಸೋಮವಾರ 50, ಶನಿವಾರ 800 ಅಂದರೆ ಸಣ್ಣವರು ರಾಶಿ ಹಾಕದೆ ಬೇರೆ ದಾರಿಯೇ ಇಲ್ಲ. ಮೂರು ತಿಂಗಳ ದಿನವಾರು ಅಂಕಿ ಒಂದು ಹಾಳೆಯಲ್ಲಿ ಬರೆದುಕೊಂಡು ಅವರ ಖರೀದಿ ವಿಭಾಗಕ್ಕೆ ಹೋಗಿ. ಜಗಳಕ್ಕಿಂತ ಆ ಹಾಳೆ ಹೆಚ್ಚು ಕೆಲಸ ಮಾಡುತ್ತದೆ. ಹಣ ತಡವಾಗುತ್ತಿದ್ದರೆ ನೆನಪಿಡಿ: 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮಕ್ಕೆ ಹಣ ಕೊಡುವ ಗಡುವು 45 ದಿನ ಮೀರುವಂತಿಲ್ಲ.

ಪ್ರಶ್ನೆ: ಲೀನ್ ಮಾಡಲು ಸರ್ಕಾರದ ಸಹಾಯ ಸಿಗುತ್ತಾ?

ಉತ್ತರ: ಕೇಂದ್ರ ಎಂಎಸ್‌ಎಂಇ ಸಚಿವಾಲಯ 2023ರಲ್ಲಿ ಹೊಸ ರೂಪದಲ್ಲಿ ತಂದ ಲೀನ್ ಯೋಜನೆಯಲ್ಲಿ ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್‌ಡ್ ಎಂಬ ಮೂರು ಹಂತಗಳಿವೆ. ಸಲಹೆಗಾರರಿಗೆ ಕೊಡುವ ವೆಚ್ಚದಲ್ಲಿ ನೂರಕ್ಕೆ 90 ಸರ್ಕಾರದ್ದು. ಉದ್ಯಮ್ ನೋಂದಣಿ ಇರಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಸಲಹೆಗಾರರು ಬಂದ ಮೊದಲ ದಿನ ಕಚೇರಿಯಲ್ಲೇ ಕೂತು ಸ್ಲೈಡ್ ತೋರಿಸಿದರೆ ಚಹಾ ಕೊಟ್ಟು, ಶೆಡ್ಡಿಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಆಪರೇಟರ್ ಇದ್ದೇನೆ, ಹೆಸರು ಹಾಕಬೇಡಿ. ಲೀನ್ ಅಂತ ನಮ್ಮ ಸ್ಟೂಲ್ ತೆಗೆದರು. ಸ್ಟಾಪ್‌ವಾಚ್ ಹಿಡಿದು ಹಿಂದೆ ನಿಲ್ಲುತ್ತಾರೆ. ಆರು ಜನರಲ್ಲಿ ಇಬ್ಬರನ್ನು ಬಿಡಿಸುತ್ತಾರಂತೆ. ಕೆಲಸ ಬೇಗ ಮುಗಿಸುವ ಒಂದು ಉಪಾಯ ನನ್ನ ಹತ್ತಿರ ಇದೆ. ಹೇಳಲೋ ಬೇಡವೋ?

ಉತ್ತರ: ಈ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಇವತ್ತೇ ಹೇಳುತ್ತಿರಲಿಲ್ಲ. ಉಪಾಯ ಹೇಳಿದವರದೇ ಕೆಲಸ ಹೋಗುವುದಾದರೆ ಯಾರು ತಾನೇ ಬಾಯಿ ಬಿಡುತ್ತಾರೆ?

ನಿಮ್ಮ ಮಾಲೀಕರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಟೊಯೊಟಾ ಕೂಡ ಈ ಪಾಠ ಕಲಿತದ್ದು ಪೆಟ್ಟು ತಿಂದೇ. 1950ರಲ್ಲಿ ಸಾಲದಲ್ಲಿ ಮುಳುಗಿ ಜನರನ್ನು ತೆಗೆಯಲು ಹೊರಟಾಗ ದೊಡ್ಡ ಮುಷ್ಕರ ಆಯಿತು. ಮೇಲೆ ಹೇಳಿದ ಆ ಕೀಚಿರೊ ಅಧ್ಯಕ್ಷ ಸ್ಥಾನವನ್ನೇ ಬಿಡಬೇಕಾಯಿತು. ಮುಂದೆ ಅಲ್ಲಿ ಬೆಳೆದ ಪದ್ಧತಿಯಲ್ಲಿ ತಪ್ಪು ಕಂಡರೆ ಸಾಮಾನ್ಯ ಕೆಲಸಗಾರರೂ ಹಗ್ಗ ಎಳೆದು ಉತ್ಪಾದನೆಯ ಇಡೀ ಸಾಲನ್ನು ನಿಲ್ಲಿಸಬಹುದಾಯಿತು. ಮನುಷ್ಯನ ಮೇಲೆ ಮಿತಿಮೀರಿದ ಭಾರ ಹಾಕುವುದನ್ನು ಅವರು 'ಮುರಿ' ಅಂತ ಕರೆಯುತ್ತಾರೆ. ದಂಡದಷ್ಟೇ ಅದೂ ತೆಗೆಯಬೇಕಾದ ದೋಷ. ನಾಲ್ಕೇ ಜನರಿಂದ ಕೆಲಸ ಆಗುವುದಾದರೆ ಉಳಿದಿಬ್ಬರನ್ನು ಸೆಟ್ಟಿಂಗ್ ತಯಾರಿಗೆ, ಮಷೀನು ದುರಸ್ತಿಗೆ, ಹೊಸ ಆರ್ಡರಿಗೆ ಹಾಕಿ. ಯಾರನ್ನೂ ಬಿಡಿಸುವುದಿಲ್ಲ ಅಂತ ನೋಟಿಸ್ ಬೋರ್ಡಿನ ಮೇಲೆ ಸಹಿ ಹಾಕಿ ಹಚ್ಚಿ. ಬಿಡಿಸಿದರೆ ಇಬ್ಬರ ಪಗಾರ ಉಳಿಯುತ್ತದೆ, ಉಳಿದ ನಾಲ್ವರು ಮತ್ತೆಂದೂ ಬಾಯಿ ಬಿಡುವುದಿಲ್ಲ.

ನೀವು ಆ ನೋಟಿಸ್ ಬರುವವರೆಗೆ ಕಾಯಿರಿ. ಬಂದ ಮೇಲೆ ಉಪಾಯವನ್ನು ಆರೂ ಜನ ಕೂಡಿ ಹೇಳಿ, ಒಬ್ಬರೇ ಹೋಗಬೇಡಿ. ಸ್ಟೂಲ್ ಮಾತ್ರ ಇವತ್ತೇ ವಾಪಸ್ ಕೇಳಿ. ಮಷೀನು ತಾನೇ ಕೊರೆಯುವ ಹೊತ್ತಿನಲ್ಲಿ ನೀವು ನಿಂತರೂ ಅಷ್ಟೇ, ಕೂತರೂ ಅಷ್ಟೇ ಅಂತ ಅವರ ಸ್ಟಾಪ್‌ವಾಚ್‌ನಲ್ಲೇ ತೋರಿಸಬಹುದು.