ಕಾರವಾರದ ಬೈತಕೋಲದಿಂದ ಬಂದ ಲೇಖನಕ್ಕೆ ಉತ್ತರ

ನಮಸ್ಕಾರ.

ನಿಮ್ಮ ‘ಇನ್ನು ಉಳಿದಿರುವುದು ಆಕಾಶ ಒಂದೇ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಮತ್ತೆ ಬರೆಯಬೇಕು ಅನ್ನೋದು ನನ್ನ ಆಸೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ವಾದ ಇಷ್ಟು: ಭೂಮಿಯ ಮೂಲೆಮೂಲೆಯನ್ನೂ ಮನುಷ್ಯ ನೋಡಿ ಮುಗಿಸಿದ್ದಾನೆ, ಹೊಸದೇನಾದರೂ ಬೇಕೆಂದರೆ ಬಾಹ್ಯಾಕಾಶಕ್ಕೇ ಹೋಗಬೇಕು. ಚಂದ್ರಯಾನದ ಭಾಗ ಚೆನ್ನಾಗಿ ಬಂದಿದೆ. (ಚಂದ್ರಯಾನ-3 ಇಳಿದದ್ದು 2023ರ ಆಗಸ್ಟ್ 23ರಂದು. ನೀವು 22 ಎಂದು ಬರೆದಿದ್ದೀರಿ, ತಿದ್ದಿಕೊಳ್ಳಿ.) ಆ ಸಂಜೆ ಶಿರಸಿಯಲ್ಲಿ ಟಿವಿ ಮುಂದೆ ಕೂತಿದ್ದ ನನಗೂ ಕಣ್ಣು ತುಂಬಿತ್ತು. ನನ್ನ ತಕರಾರು ಆಕಾಶದ ಮೇಲಲ್ಲ, ನಿಮ್ಮ ‘ಒಂದೇ’ ಎಂಬ ಪದದ ಮೇಲೆ.

‘ಸಮುದ್ರದ ತಳವನ್ನೂ ಉಪಗ್ರಹಗಳು ಕಂಡಾಗಿದೆ’ ಎಂದು ಎರಡನೇ ಪುಟದಲ್ಲಿ ಬರೆದಿದ್ದೀರಿ. ಲೇಖನ ಮುಗ್ಗರಿಸಿದ್ದು ಇಲ್ಲೇ. ಉಪಗ್ರಹದ ರೇಡಾರ್ ನೀರಿನೊಳಗೆ ಇಳಿಯುವುದಿಲ್ಲ, ಮೇಲ್ಮೈಗೆ ಬಡಿದು ವಾಪಸಾಗುತ್ತದೆ. ಅದು ಅಳೆಯುವುದು ನೀರಿನ ಉಬ್ಬುತಗ್ಗನ್ನು. ತಳದಲ್ಲಿ ದೊಡ್ಡ ಗುಡ್ಡವಿದ್ದರೆ ಅದು ಸುತ್ತಲಿನ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಅಲ್ಲಿ ಸಮುದ್ರ ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬು ನೋಡಿ ಕೆಳಗೊಂದು ಗುಡ್ಡ ಇರಬೇಕು ಅಂತ ಲೆಕ್ಕ ಹಾಕುತ್ತಾರೆ. ಕಂಬಳಿ ಹೊದ್ದು ಮಲಗಿದವರ ಆಕಾರ ನೋಡಿ ಯಾರಿರಬಹುದು ಅಂತ ಊಹಿಸಿದ ಹಾಗೆ. ಸಣ್ಣ ದಿಬ್ಬ, ಕಣಿವೆ ಇದರಲ್ಲಿ ಸಿಗುವುದಿಲ್ಲ. ಸರಿಯಾದ ನಕ್ಷೆ ಬೇಕೆಂದರೆ ಹಡಗು ಅಲ್ಲಿಗೇ ಹೋಗಬೇಕು. ನೀರಿಗೆ ಶಬ್ದ ಬಿಟ್ಟು, ಅದು ತಳಕ್ಕೆ ಬಡಿದು ಮರಳಲು ಎಷ್ಟು ಹೊತ್ತಾಯಿತು ಅಂತ ಅಳೆಯಬೇಕು. ಹಾಗೆ ಅಳೆದದ್ದು ಜಗತ್ತಿನ ಸಮುದ್ರತಳದಲ್ಲಿ ಇವತ್ತಿಗೂ ಸುಮಾರು ಕಾಲು ಭಾಗ ಮಾತ್ರ. ಕಣ್ಣಾರೆ ನೋಡಿದ್ದಂತೂ ಚೂರೇ ಚೂರು.

ಚಂದ್ರನ ಮೇಲೆ 1969ರಿಂದ 1972ರೊಳಗೆ 12 ಜನ ನಡೆದರು ಎಂದಿದ್ದೀರಿ, ಸರಿ. ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತೀರಾ ಆಳದ ಜಾಗಕ್ಕೆ, ಸುಮಾರು 10,900 ಮೀಟರ್ ಕೆಳಕ್ಕೆ, ಜಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಇಳಿದದ್ದು 1960ರಲ್ಲಿ. ಮುಂದಿನ ಮನುಷ್ಯ ಅಲ್ಲಿಗೆ ಹೋಗಲು 52 ವರ್ಷ ಬೇಕಾಯಿತು.

ನೀವು ಕೊಂಡಾಡಿದ ವಾಯೇಜರ್ ಬಾಹ್ಯಾಕಾಶ ನೌಕೆ ಹೊರಟ ವರ್ಷ 1977 ಅಲ್ವಾ? ಅದೇ ವರ್ಷ ಗ್ಯಾಲಪಗೋಸ್ ದ್ವೀಪಗಳ ಹತ್ತಿರ, ಸುಮಾರು 2,500 ಮೀಟರ್ ಆಳದಲ್ಲಿ, ತಳದ ಬಿರುಕಿನಿಂದ ಬಿಸಿನೀರು ಚಿಮ್ಮುವುದು ಕಂಡಿತು. ಬಿಸಿಲು ತಲುಪದ ಜಾಗ ಅದು. ಅಲ್ಲಿ ರಾಶಿ ರಾಶಿ ಜೀವಿಗಳು! ಬಿಸಿನೀರಿನ ಜೊತೆ ಬರುವ ರಾಸಾಯನಿಕಗಳಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾಗಳೇ ಅವಕ್ಕೆಲ್ಲ ಆಧಾರ. ಹೋದವರು ಬಂಡೆ ನೋಡಲು ಹೋದವರು, ತಂಡದಲ್ಲಿ ಜೀವವಿಜ್ಞಾನಿಯೇ ಇರಲಿಲ್ಲ. ಗುರುವಿನ ಉಪಗ್ರಹ ಯುರೋಪಾದ ಹಿಮದಡಿಯ ಸಮುದ್ರದಲ್ಲಿ ಜೀವ ಇರಬಹುದು ಎಂಬ ಆಸೆಗೆ ಬಲ ಬಂದದ್ದೇ ಇಂಥ ಜಾಗಗಳಿಂದ. ಅಂದರೆ ನಿಮ್ಮ ಆಕಾಶದ ಕಥೆ ಸಮುದ್ರದ ತಳವನ್ನು ಹಾದೇ ಹೋಗುತ್ತದೆ.

ನಮ್ಮ ಘಟ್ಟದ ಕಡೆಯೂ ಇನ್ನೂ ನೋಡಿ ಮುಗಿದಿಲ್ಲ. ಸಿದ್ದಾಪುರದ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆಯಲ್ಲ, ಆ ಮರಗಳ ಜೌಗು ಕಾಡು, ಅಲ್ಲಿರುವ ಒಂದು ಕಪ್ಪೆ ತನ್ನ ಮೊಟ್ಟೆಗಳಿಗೆ ಕೈಯಿಂದ ಮಣ್ಣು ಮೆತ್ತುತ್ತದೆ. ‘ಕುಂಬಾರ’ ಎಂಬ ಹೆಸರಿಟ್ಟು ವಿಜ್ಞಾನಿಗಳು ಅದನ್ನು ಹೊಸ ಜಾತಿ ಎಂದು ದಾಖಲಿಸಿದ್ದು 2014ರಲ್ಲಿ. ಮಂಗಳಯಾನ ಮಂಗಳನ ಕಕ್ಷೆ ಸೇರಿದ ವರ್ಷವೂ ಅದೇ.

ಭಾಷೆಯ ಬಗ್ಗೆ ಒಂದು ಮಾತು. ‘ಮಾನವಕುಲದ ಅದಮ್ಯ ಕುತೂಹಲ’ ಮೂರು ಸಲ ಬಂದಿದೆ. ಗೆಳತಿಯ ಹತ್ತಿರ ಮಾತಾಡುವಾಗ ಹೀಗೆ ಹೇಳುತ್ತೀರಾ? ಮೂರನ್ನೂ ತೆಗೆಯಿರಿ.

ಕೊನೆಯ ಪುಟದಲ್ಲಿ ಬೋಟು ನಡೆಸುವ ಅಪ್ಪನ ಬಗ್ಗೆ ಒಂದೇ ಒಂದು ಸಾಲು ಇದೆ: ‘ಅಪ್ಪ ಬೋಟಿನ ತಾಂಡೇಲ, ಅವರೂ ಪರದೆ ನೋಡಿಯೇ ಬಲೆ ಬಿಡುತ್ತಾರೆ.’ ಅಷ್ಟು ಬರೆದು ಮತ್ತೆ ಮಂಗಳ ಗ್ರಹದ ಕಡೆ ತಿರುಗಿದ್ದೀರಿ. ನಾನು ಆ ಸಾಲಿನಲ್ಲೇ ನಿಂತುಬಿಟ್ಟೆ. ಮೀನು ಹುಡುಕುವ ಆ ಪರದೆಯ ಯಂತ್ರ ಮಾಡುವುದೂ ಅದನ್ನೇ: ಶಬ್ದ ಬಿಡುತ್ತದೆ, ಪ್ರತಿಧ್ವನಿಗೆ ಕಾಯುತ್ತದೆ. ಹಡಗುಗಳು ಜಗತ್ತಿನ ಕಾಲು ಭಾಗ ತಳ ಅಳೆದ ವಿದ್ಯೆ ನಿಮ್ಮ ಅಪ್ಪನ ಕೈಯಲ್ಲಿ ದಿನಾ ನಡೆಯುತ್ತಿದೆ. ಲೇಖನ ಶುರುವಾಗಬೇಕಾದ್ದು ಅಲ್ಲಿಂದ. ವಾಯೇಜರ್ ಆಮೇಲೆ ಬರಲಿ. ಚೆನ್ನೈಯಲ್ಲಿ ತಯಾರಾಗುತ್ತಿರುವ ಮತ್ಸ್ಯ-6000 ಕೂಡ ಬರಲಿ. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಬೇಕಾದ ನೌಕೆ ಅದು. ಅವರು ಕೂರುವ ಟೈಟಾನಿಯಂ ಗೋಳದ ಅಡ್ಡಳತೆ ಬರೀ 2.1 ಮೀಟರ್.

ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಅಪ್ಪ ಮನೆಯಲ್ಲೇ ಇರುತ್ತಾರೆ. ಪಕ್ಕದಲ್ಲಿ ಕೂತು ಕೇಳಿ: ಬಲೆ ಎಲ್ಲೆಲ್ಲಿ ಕಲ್ಲಿಗೆ ಸಿಕ್ಕಿ ಹರಿಯುತ್ತದೆ? ಆ ಜಾಗಗಳಿಗೆ ಅವರವರಲ್ಲೇ ಹೆಸರುಗಳಿವೆಯಾ? ಪರದೆಯಲ್ಲಿ ಏನೋ ಕಂಡು, ಬಲೆಗೆ ಏನೂ ಬೀಳದ ದಿನ ಅವರು ಏನಂದುಕೊಳ್ಳುತ್ತಾರೆ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆಗಸ್ಟ್ ಹತ್ತರೊಳಗೆ ಕಳಿಸಿದರೆ ಸೆಪ್ಟೆಂಬರ್ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ಇಟ್ಟಿರುತ್ತೇನೆ.